ರಾಣೆಬೆನ್ನೂರಿನ ಚಿಗರಿ, ಮಾಗಡಿ ಕೆರೆಯ ಹೆಬ್ಬಾತು: ಎರಡೂ ‘ಲೀಸ್ಟ್ ಕನ್ಸರ್ನ್’ ಆದರೆ ಹೋಲಿಸಲು ಏನು ಉಳಿಯಿತು?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಇಯತ್ತೆ. ತೀರಾ ಬೇರೆ ಬೇರೆಯಾದ ಎರಡು ಜೀವಿಗಳನ್ನು ಆರಿಸಿ, ವರ್ಗೀಕರಣ, ಆವಾಸ, ಸಂರಕ್ಷಣಾ ಸ್ಥಿತಿ ಈ ಮೂರರಲ್ಲಿ ಹೋಲಿಸಿ ಬರೆಯಲು ಶಾಲೆಯಲ್ಲಿ ಹೇಳಿದ್ದಾರೆ. ನಮ್ಮ ಭಾಗದವೇ ಇರಲಿ ಅಂತ ಅವಳು ರಾಣೆಬೆನ್ನೂರಿನ ಚಿಗರಿ ಮತ್ತು ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ತಗೊಂಡಿದ್ದಾಳೆ. ಚಿಗರಿಗೆ ‘ಜಿಂಕೆ ಕುಟುಂಬ’ ಅಂತ ಬರೆದಿದ್ದಾಳೆ. ಕೊನೆಯ ಕಾಲಂನಲ್ಲಿ ಎರಡಕ್ಕೂ ‘ಲೀಸ್ಟ್ ಕನ್ಸರ್ನ್’ ಅಂತಲೇ ಬರುತ್ತದೆ. ಹಾಗಾದರೆ ಹೋಲಿಕೆ ಎಲ್ಲಿದೆ? ಕಾಳಜಿಯೇ ಬೇಡವಾದ ಪ್ರಾಣಿಗೆ ಜೈಲುಶಿಕ್ಷೆಯ ಕಾನೂನು ಯಾಕೆ? ಇನ್ನೊಂದು: ನಮ್ಮ ಹೊಲದಲ್ಲಿ ಎರಡೂ ಮೇಯುತ್ತವೆ ಅನ್ನುತ್ತಾರೆ. ಯಾವುದು ಮೇಯ್ದದ್ದು ಅಂತ ತಿಳಿಯುವುದು ಹೇಗೆ?
— ಒಬ್ಬ ಪಾಲಕರು, ಶಿರಹಟ್ಟಿ ತಾಲ್ಲೂಕು

ಉತ್ತರ: ಮೊದಲು ಆ ‘ಜಿಂಕೆ ಕುಟುಂಬ’ವನ್ನು ತಿದ್ದಿಸಿ. ಚಿಗರಿ ಅಂದರೆ ಕೃಷ್ಣಮೃಗ ಜಿಂಕೆಯಲ್ಲ. ಅದು ಆಕಳು, ಕುರಿ, ಆಡುಗಳ ಕುಟುಂಬದ್ದು. ಆ ಕುಟುಂಬದ ಹೆಸರು ಬೋವಿಡೇ. ಚುಕ್ಕಿ ಜಿಂಕೆ ಮತ್ತು ಕಡವೆಯದು ಸರ್ವಿಡೇ. ಈ ತಪ್ಪು ಆಗುವುದಕ್ಕೆ ನಮ್ಮ ಮಾತೇ ಕಾರಣ. ಹಾವೇರಿ, ಗದಗ, ಧಾರವಾಡದ ಕಡೆ ಚಿಗರಿ ಎಂಬ ಒಂದೇ ಹೆಸರು ಕೃಷ್ಣಮೃಗಕ್ಕೂ ನಡೆಯುತ್ತದೆ, ಚಿಂಕಾರಕ್ಕೂ ನಡೆಯುತ್ತದೆ, ಜಿಂಕೆಗೂ ನಡೆಯುತ್ತದೆ. ಪತ್ರಿಕೆಗಳಂತೂ ಎಲ್ಲವನ್ನೂ ‘ಜಿಂಕೆ’ ಎಂದೇ ಬರೆಯುತ್ತವೆ.

ವ್ಯತ್ಯಾಸ ಕೊಂಬಿನಲ್ಲಿದೆ. ಜಿಂಕೆಯ ಕವಲುಕೊಂಬು ಗಟ್ಟಿ ಎಲುಬು. ಅದು ಉದುರುತ್ತದೆ, ಮತ್ತೆ ಹುಟ್ಟುತ್ತದೆ, ಬೆಳೆಯುವಾಗ ಮೇಲೆ ಮೆತ್ತನೆಯ ತೊಗಲು ಹೊದ್ದಿರುತ್ತದೆ. ಚಿಗರಿಯ ಕೊಂಬು ಕವಲೊಡೆಯುವುದಿಲ್ಲ, ಜೀವಮಾನದಲ್ಲಿ ಉದುರುವುದೂ ಇಲ್ಲ. ಒಳಗೆ ಎಲುಬಿನ ತಿರುಳು, ಹೊರಗೆ ಉಗುರಿನಂಥದೇ ವಸ್ತುವಿನ ಕವಚ. ನಿಮ್ಮ ಮನೆಯಲ್ಲಿ ಎತ್ತಿನ ಕೊಂಬು ಹೆರೆಸುವಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅದೇ ವಸ್ತು. ಆ ಚೂರೊಂದನ್ನು ಮಗಳು ಹಾಳೆಗೆ ಅಂಟಿಸಿ ‘ಬೋವಿಡೇ ಕುಟುಂಬದ ಗುರುತು’ ಎಂದು ಬರೆದರೆ ಚಿತ್ರಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಗಂಡು ಚಿಗರಿಯ ಕೊಂಬು 35ರಿಂದ 75 ಸೆಂ.ಮೀ. ಉದ್ದ ಬೆಳೆಯುತ್ತದೆ. ಮೈತುಂಬ ಉಂಗುರ, ತಿರುಚಿದ ಹಗ್ಗದ ಹಾಗೆ ಸುತ್ತು. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ.

ವರ್ಗೀಕರಣದ ಕೋಷ್ಟಕವನ್ನು ಮೇಲಿನಿಂದ ಕೆಳಗೆ ಬರೆಯಲಿ. ಸಾಮ್ರಾಜ್ಯ ಎರಡಕ್ಕೂ ಪ್ರಾಣಿ. ವಂಶ ಎರಡಕ್ಕೂ ಕಾರ್ಡೇಟಾ. ಬೆನ್ನೆಲುಬಿನ ಪ್ರಾಣಿಗಳೆಲ್ಲ ಅದರೊಳಗೇ ಬರುತ್ತವೆ. ದಾರಿ ಕವಲೊಡೆಯುವುದು ‘ವರ್ಗ’ದಲ್ಲಿ: ಚಿಗರಿ ಸಸ್ತನಿ, ಹೆಬ್ಬಾತು ಪಕ್ಷಿ. ಸಸ್ತನಿಗಳ ಕಡೆಯ ಕವಲು ಮತ್ತು ಪಕ್ಷಿ-ಸರೀಸೃಪಗಳ ಕಡೆಯ ಕವಲು ಬೇರೆಯಾಗಿ ಸುಮಾರು 32 ಕೋಟಿ ವರ್ಷ ಆಯಿತು. ಕೆಳಗಿನ ಸಾಲುಗಳು ಹೀಗೆ. ಚಿಗರಿ: ಗಣ ಆರ್ಟಿಯೋಡಾಕ್ಟಿಲಾ (ಸಮಸಂಖ್ಯೆಯ ಗೊರಸಿನವು), ಕುಟುಂಬ ಬೋವಿಡೇ, ಕುಲ ಆಂಟಿಲೋಪ್, ಪ್ರಭೇದ ಆಂಟಿಲೋಪ್ ಸರ್ವಿಕಾಪ್ರ. ಹೆಬ್ಬಾತು: ಗಣ ಆನ್ಸೆರಿಫಾರ್ಮಿಸ್, ಕುಟುಂಬ ಅನಾಟಿಡೇ, ಕುಲ ಆನ್ಸರ್, ಪ್ರಭೇದ ಆನ್ಸರ್ ಇಂಡಿಕಸ್. ಕುಲದ ಸಾಲಿನಲ್ಲಿ ಒಂದು ಸಣ್ಣ ಟಿಪ್ಪಣಿ ಸೇರಿಸಬಹುದು. ಆಂಟಿಲೋಪ್ ಕುಲದಲ್ಲಿ ಇವತ್ತು ಬದುಕಿರುವುದು ಕೃಷ್ಣಮೃಗ ಒಂದೇ. ಆನ್ಸರ್ ಕುಲದಲ್ಲಿ ಹಲವು ಹೆಬ್ಬಾತುಗಳಿವೆ. ಜನ ಸಾಕುವ ಹೆಬ್ಬಾತುಗಳ ಮೂಲವೂ ಅದೇ ಕುಲ.

ವೈಜ್ಞಾನಿಕ ಹೆಸರು ಬರೆಯುವಾಗ ಎರಡು ತಪ್ಪು ಪದೇ ಪದೇ ಆಗುತ್ತವೆ. ಇಂಗ್ಲಿಷ್ ಲಿಪಿಯಲ್ಲಿ ಕುಲದ ಮೊದಲ ಅಕ್ಷರ ಮಾತ್ರ ದೊಡ್ಡದು, ಪ್ರಭೇದದ್ದು ಚಿಕ್ಕದು. ಕೈಬರಹದಲ್ಲಾದರೆ ಎರಡೂ ಪದಗಳ ಕೆಳಗೆ ಬೇರೆ ಬೇರೆಯಾಗಿ ಗೆರೆ ಎಳೆಯಬೇಕು, ಒಂದೇ ಗೆರೆ ಸಾಲದು. ಎರಡನೆಯದು, ಹೆಸರಿಟ್ಟವರನ್ನು ಸೂಚಿಸುವ ಆವರಣ ಚಿಹ್ನೆ. ಕೃಷ್ಣಮೃಗದ ಮುಂದೆ (ಲಿನೇಯಸ್, 1758) ಎಂದೂ ಹೆಬ್ಬಾತಿನ ಮುಂದೆ (ಲೇಥಮ್, 1790) ಎಂದೂ ಆವರಣದೊಳಗೆ ಬರೆಯುತ್ತಾರೆ. ಮೊದಲು ಹೆಸರಿಟ್ಟಾಗ ಇದ್ದ ಕುಲ ಆಮೇಲೆ ಬದಲಾಗಿದೆ ಎಂಬುದಕ್ಕೆ ಆ ಆವರಣವೇ ಗುರುತು. ಲಿನೇಯಸ್ ಚಿಗರಿಯನ್ನು ಆಡಿನ ಕುಲಕ್ಕೆ ಸೇರಿಸಿದ್ದ. ಲೇಥಮ್ ಹೆಬ್ಬಾತನ್ನು ಬಾತಿನ ಕುಲಕ್ಕೆ ಸೇರಿಸಿದ್ದ. ‘ಸರ್ವಿಕಾಪ್ರ’ ಎಂಬ ಪದದಲ್ಲೇ ಲ್ಯಾಟಿನ್ನಿನ ಜಿಂಕೆಯೂ ಇದೆ, ಆಡೂ ಇದೆ. ನಿಮ್ಮ ಮಗಳು ಮಾಡಿದ ತಪ್ಪು ಅಂಥ ಹೊಸ ತಪ್ಪೇನಲ್ಲ ಎಂದು ಅವಳಿಗೆ ಹೇಳಿ.

ಇನ್ನು ಆವಾಸ. ಪ್ರಾಜೆಕ್ಟಿನ ಜೀವ ಇರುವುದು ಇಲ್ಲಿ. ‘ಹುಲ್ಲುಗಾವಲು’, ‘ಕೆರೆ’ ಎಂದು ಒಂದೊಂದು ಪದ ಬರೆದು ಮುಗಿಸಬಾರದು.

ಚಿಗರಿಗೆ ಬೇಕಾದದ್ದು ಬಯಲು. ದಟ್ಟ ಕಾಡು ಅದಕ್ಕೆ ಶತ್ರು, ಯಾಕೆಂದರೆ ಅದು ಅವಿತು ಬದುಕುವ ಪ್ರಾಣಿಯಲ್ಲ. ದೂರದಿಂದ ಕಂಡು ಓಡಿ ಬದುಕುವ ಪ್ರಾಣಿ. ಗಂಟೆಗೆ 80 ಕಿ.ಮೀ. ವೇಗದವರೆಗೂ ಓಡಬಲ್ಲದು. ಕಣ್ಣಿಗೆ ಅಡ್ಡ ಬರುವ ಗಿಡಮರ ಹೆಚ್ಚಾದಷ್ಟೂ ಆ ಓಟಕ್ಕೆ ಬೆಲೆ ಕಡಿಮೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಆದದ್ದು 1974ರಲ್ಲಿ, ವಿಸ್ತೀರ್ಣ ಸುಮಾರು 119 ಚದರ ಕಿ.ಮೀ. ಅದರೊಳಗೆ ಕುರುಚಲು ಬಯಲೂ ಇದೆ, ಸಾಲು ಹಚ್ಚಿದ ನೀಲಗಿರಿಯೂ ಇದೆ. ‘ಬರಡು ಬಿದ್ದಿದೆ, ಗಿಡ ನೆಡೋಣ’ ಎಂಬುದು ಒಳ್ಳೆಯ ಮನಸ್ಸಿನ ಮಾತೇ ಇರಬಹುದು. ಚಿಗರಿಯ ಮಟ್ಟಿಗೆ ಮಾತ್ರ ಅದು ಮನೆಯ ಕಿಟಕಿಗೆ ಗೋಡೆ ಕಟ್ಟಿದಂತೆ. ಬೀಳು, ಗೋಮಾಳ, ಎರೆಯ ಬದುವಿನ ಹುಲ್ಲು ಇವು ಖಾಲಿ ಜಾಗಗಳಲ್ಲ. ಇದನ್ನು ಮಕ್ಕಳು ಈಗಲೇ ತಿಳಿದುಕೊಂಡರೆ ಒಳ್ಳೆಯದು. ವನಮಹೋತ್ಸವದಲ್ಲಿ ಸಸಿ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬ ಪ್ರಶ್ನೆಯಾದರೂ ಹುಟ್ಟುತ್ತದೆ.

ಮರಿಯ ವಿಷಯಕ್ಕೆ ಬಂದರೆ ನಡವಳಿಕೆ ತಿರುಗುಮುರುಗು. ಆರು ತಿಂಗಳ ಗರ್ಭದ ನಂತರ ಸಾಮಾನ್ಯವಾಗಿ ಒಂದೇ ಮರಿ. ಹುಟ್ಟಿದ ಮೊದಲ ದಿನಗಳಲ್ಲಿ ಅದು ಹುಲ್ಲಿನಲ್ಲಿ ಅಲ್ಲಾಡದೆ ಮಲಗಿರುತ್ತದೆ. ತಾಯಿ ದೂರ ಮೇಯುತ್ತಿರುತ್ತದೆ, ಹಾಲುಣಿಸಲು ಮಾತ್ರ ಬರುತ್ತದೆ. ಕಳೆ ತೆಗೆಯುವಾಗ ಅಂಥ ಮರಿ ಸಿಕ್ಕರೆ ‘ತಬ್ಬಲಿ’ ಎಂದು ಮನೆಗೆ ತರುವವರಿದ್ದಾರೆ. ಬಹುತೇಕ ಸಲ ಅದು ತಬ್ಬಲಿ ಆಗಿರುವುದಿಲ್ಲ. ಮುಟ್ಟದೆ ದೂರ ಸರಿದು, ನಾಯಿಗಳನ್ನು ಆ ಕಡೆ ಬಿಡದಿದ್ದರೆ ಸಾಕು, ತಾಯಿ ಬಂದು ಕರೆದುಕೊಳ್ಳುತ್ತದೆ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಿ. ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಹೆಬ್ಬಾತಿನ ಆವಾಸವನ್ನು ಒಂದು ಊರಿನ ಹೆಸರಿನಲ್ಲಿ ಬರೆಯಲು ಬರುವುದಿಲ್ಲ. ಅದು ಮೊಟ್ಟೆ ಇಡುವುದು ಮಂಗೋಲಿಯಾ, ಟಿಬೆಟ್, ಕಿರ್ಗಿಸ್ತಾನದ ಎತ್ತರದ ಸರೋವರಗಳ ಬಳಿ, ನಮ್ಮ ಲಡಾಖಿನ ತ್ಸೋ ಮೊರಿರಿಯಂಥ ಕಡೆ. ಅಲ್ಲಿ ಮರಿ ಬೆಳೆಸುವ ಹೊತ್ತಿಗೆ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಮ್ಮೆಗೇ ಉದುರಿ ಕೆಲವು ವಾರ ಹಾರಲಾರದೆ ಇರುತ್ತದೆ. ಆಗ ನೀರೇ ಅದಕ್ಕೆ ಕೋಟೆ. ಚಳಿಗಾಲಕ್ಕೆ ಹಿಮಾಲಯ ದಾಟಿ ಕೆಳಗೆ ಬರುತ್ತದೆ. ಉಪಗ್ರಹ ಸಾಧನ ಕಟ್ಟಿ ಹಿಂಬಾಲಿಸಿದ ಹಕ್ಕಿಗಳಲ್ಲಿ ಒಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಆದರೆ ಅವು ಒಂದೇ ಎತ್ತರ ಹಿಡಿದು ಹಾರುವುದಿಲ್ಲ. ಬೆಟ್ಟ ಏರಿದರೆ ಏರುತ್ತವೆ, ಕಣಿವೆ ಇಳಿದರೆ ಇಳಿಯುತ್ತವೆ. ತೆಳುಗಾಳಿಯಲ್ಲಿ ರೆಕ್ಕೆ ಬಡಿಯುವುದಕ್ಕೆ ಶ್ರಮ ಜಾಸ್ತಿ. ತಿರುಗಿ ಏರುವ ಖರ್ಚು ಇದ್ದರೂ ಇಳಿದು ಹಾರುವುದೇ ಲಾಭ. ಅವುಗಳ ರಕ್ತದ ಹಿಮೋಗ್ಲೋಬಿನ್ ಬಯಲುಸೀಮೆಯ ಹೆಬ್ಬಾತುಗಳದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುತ್ತದೆ. ‘ಎವರೆಸ್ಟ್ ಮೇಲೆ ಹಾರುವ ಹಕ್ಕಿ’ ಎಂಬ ಸಾಲನ್ನು ಬರೆಯದೆ ಈ ಅಳತೆಯನ್ನೇ ಬರೆಯಲಿ.

ಗದಗ ಜಿಲ್ಲೆಯ ಮಾಗಡಿ ಕೆರೆ ಹೊಲಕ್ಕೆ ನೀರುಣಿಸಲು ಮಳೆನೀರು ನಿಲ್ಲಿಸಿದ, ಮನುಷ್ಯರೇ ಕಟ್ಟಿದ ಕೆರೆ, ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಅಲ್ಲಿಗೆ ಸುಮಾರು 8,000 ಪಟ್ಟೆತಲೆ ಹೆಬ್ಬಾತು ಬರುತ್ತವೆ ಎಂಬ ಲೆಕ್ಕವಿದೆ. ದಕ್ಷಿಣ ಭಾರತದಲ್ಲಿ ಅವುಗಳ ಅತಿ ದೊಡ್ಡ ಚಳಿಗಾಲದ ತಾಣಗಳಲ್ಲಿ ಇದೊಂದು. 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣ ಎಂಬ ಮಾನ್ಯತೆ, ಸಿಕ್ಕಿತು. ಆದರೆ ಅವು ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಕಡಿಮೆ. ಹಗಲು ಕೆರೆಯಲ್ಲಿ ತೇಲುತ್ತ, ದಂಡೆಯಲ್ಲಿ ಮಲಗುತ್ತ ಕಳೆಯುತ್ತವೆ. ಕತ್ತಲಾದ ಮೇಲೆ ಸಾಲುಕಟ್ಟಿ ಸುತ್ತಲಿನ ಶೇಂಗಾ, ಕಡ್ಲಿ, ಜೋಳದ ಹೊಲಗಳಿಗೆ ಹೋಗಿ ಮೇಯ್ದು ಬೆಳಗಿನ ಜಾವ ಮರಳುತ್ತವೆ. ಅಂದರೆ ಅದರ ಆವಾಸ ಅರ್ಧ ಕೆರೆ, ಅರ್ಧ ಹೊಲ. ಕೆರೆಗೆ ಕಾನೂನಿನ ಬೇಲಿ ಇದೆ. ಹೊಲ ರೈತನ ಸಹನೆಯ ಮೇಲೆ ನಿಂತಿದೆ. ಚಿಗರಿಯ ಕತೆಯೂ ಇದೇ. ಅಭಯಾರಣ್ಯದ ಗಡಿ ಅದಕ್ಕೆ ಗೊತ್ತಿಲ್ಲ. ಹಿಂಗಾರಿ ಮೊಳಕೆ ಎದ್ದಾಗ ಅದು ಹೊಲದಲ್ಲೇ ಇರುತ್ತದೆ. 32 ಕೋಟಿ ವರ್ಷದ ಹಿಂದೆ ದಾರಿ ಬೇರೆಯಾದ ಎರಡು ಜೀವಗಳು ಒಂದೇ ಕಡ್ಲಿ ಹೊಲದಲ್ಲಿ ಸೇರುತ್ತವೆ. ನನ್ನ ಮಟ್ಟಿಗೆ ಈ ಹೋಲಿಕೆಯ ನಡುಗಂಬ ಅದೇ, ಪ್ರಾಜೆಕ್ಟಿನ ನಡುಪುಟದಲ್ಲಿ ಅದೇ ಬರಲಿ.

ನಿಮ್ಮ ಮೇಯ್ದ ಹೊಲದ ಪ್ರಶ್ನೆಗೆ ಇಲ್ಲೇ ಉತ್ತರ ಹೇಳುತ್ತೇನೆ. ಸೂರ್ಯ ಏರುವ ಮೊದಲು ಹೋಗಿ, ಮೂರು ನೋಡಿ: ಕಡಿತ, ಹಿಕ್ಕೆ, ಹೆಜ್ಜೆ.

ಕಡಿತ: ಚಿಗರಿಗೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಆಕಳಿನ ಹಾಗೇ ಗಟ್ಟಿ ವಸಡು. ಕೆಳಹಲ್ಲಿಗೂ ವಸಡಿಗೂ ನಡುವೆ ದಂಟು ಹಿಡಿದು ಹರಿಯುತ್ತದೆ. ಹಾಗಾಗಿ ತುದಿ ಹರಿದು ನಾರು ಎದ್ದಿರುತ್ತದೆ. ಹೆಬ್ಬಾತಿನ ಕೊಕ್ಕಿನ ಅಂಚಿನಲ್ಲಿ ಗರಗಸದಂಥ ಹಲ್ಲುಗಳಿವೆ. ನೆಲಕ್ಕೆ ಹತ್ತಿರದ ಎಳೆ ಚಿಗುರನ್ನು ಚಿವುಟಿದಂತೆ ತೆಗೆಯುತ್ತದೆ. ಮೊಣಕಾಲೆತ್ತರದ ಪೈರಿನ ತುದಿ ಹೋಗಿದ್ದರೆ ಅದು ಹೆಬ್ಬಾತಿನ ಕೆಲಸ ಇರಲಾರದು.

ಹಿಕ್ಕೆ: ಸುಳ್ಳು ಹೇಳದ ಸಾಕ್ಷಿ ಇದೇ. ಚಿಗರಿಯದು ಆಡಿನದರಂತೆ ಸಣ್ಣ, ಕರಿ, ಒಣ ಗುಂಡು. ಹೊಟ್ಟೆಯಲ್ಲಿ ನಾಲ್ಕು ಕೋಣೆ, ತಿಂದದ್ದನ್ನು ಮೆಲುಕು ಹಾಕಿ ನಾರನ್ನೂ ಕರಗಿಸುತ್ತದೆ. ಆದ್ದರಿಂದ ನುಣ್ಣಗೆ ಅರೆದ ಹಿಕ್ಕೆ. ಗಂಡು ತನ್ನ ಹದ್ದಿನಲ್ಲಿ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹಾಕುವುದರಿಂದ ಅಗಲವಾದ ಗುಡ್ಡೆಯೂ ಕಾಣಬಹುದು. ಹೆಬ್ಬಾತಿಗೆ ಮೆಲುಕಿಲ್ಲ. ನುಂಗಿದ ಹರಳುಗಳ ಸಹಾಯದಿಂದ ಮೇವು ಅರೆಯುವ ದಪ್ಪ ಸ್ನಾಯುವಿನ ಹೊಟ್ಟೆಯಿದೆ, ಆದರೆ ನಾರು ಕರಗುವ ಮೊದಲೇ ಮೇವು ಹೊರಬೀಳುತ್ತದೆ. ಅದಕ್ಕೇ ಅದರ ಹಿಕ್ಕೆ ಬೆರಳಿನಾಕಾರ, ಹಸಿರು, ಮುರಿದರೆ ಒಳಗೆ ಎಲೆಯ ಚೂರು ಇನ್ನೂ ಕಾಣುತ್ತದೆ. ಒಂದು ತುದಿಗೆ ಸುಣ್ಣ ಹಚ್ಚಿದಂತೆ ಬಿಳುಪು. ಆ ಬಿಳುಪು ಪಕ್ಷಿಯ ಮೂತ್ರದ ಭಾಗ. ಕಡ್ಡಿಯಿಂದ ಮುರಿದು ನೋಡಿ, ಕೈಯಿಂದ ಬೇಡ. ಕಾರಣ ಮುಂದೆ ಹೇಳುತ್ತೇನೆ.

ಹೆಜ್ಜೆ: ಚಿಗರಿಯದು ಎರಡು ಚೂಪಾದ ಗೊರಸು. ಹೆಬ್ಬಾತಿನದು ಮುಂದಕ್ಕೆ ಚಾಚಿದ ಮೂರು ಬೆರಳು, ನಡುವೆ ಪೊರೆಯ ಗುರುತು; ಎರೆಮಣ್ಣು ತುಸು ಹಸಿಯಿದ್ದರೆ ಅಚ್ಚು ಒತ್ತಿದಂತೆ ಮೂಡುತ್ತದೆ. ನೆಲವನ್ನೇ ಅಗೆದು ಶೇಂಗಾ ಬುಡ ಎಬ್ಬಿಸಿದ್ದರೆ ಎರಡನ್ನೂ ಬಿಡಿ, ಅದು ಹಂದಿ. ಪರಿಹಾರಕ್ಕೆ ಅರ್ಜಿ ಹಾಕುವುದಿದ್ದರೆ ಈ ಮೂರರ ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಟ್ಟು, ಅದೇ ದಿನ ತೆಗೆದು ಉತಾರದ ಜೊತೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಕೊಡಿ. ನಾಲ್ಕು ದಿನ ಬಿಟ್ಟರೆ ಪೈರು ಚಿಗುರಿ ಗುರುತು ಅಳಿಯುತ್ತದೆ, ಅಧಿಕಾರಿ ಬಂದರೂ ಬರೆದುಕೊಳ್ಳಲು ಏನೂ ಇರುವುದಿಲ್ಲ. ಬೇಲಿಗೆ ನೇರ ಕರೆಂಟ್ ಹರಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಚಿಗರಿಗಿಂತ ಮೊದಲು ಮನುಷ್ಯರು ಸಾಯುತ್ತಾರೆ.

ಈಗ ಕೊನೆಯ ಕಾಲಂ. ಅದು ಒಂದು ಕಾಲಂ ಅಲ್ಲ, ಮೂರು. ಮೂರನ್ನೂ ಒಂದರಲ್ಲಿ ತುರುಕಿದ್ದರಿಂದಲೇ ನಿಮ್ಮ ಗೊಂದಲ.

ಮೊದಲನೆಯದು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪು ಪಟ್ಟಿ. ಅದು ಕೇಳುವುದು ಒಂದೇ ಪ್ರಶ್ನೆ: ಇಡೀ ಭೂಮಿಯ ಮೇಲೆ ಈ ಪ್ರಭೇದ ಅಳಿದುಹೋಗುವ ಅಪಾಯ ಎಷ್ಟು? ಅಳೆಯಲು ಗಡಿಗಳಿವೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಯಾವುದು ಹೆಚ್ಚೋ ಆ ಅವಧಿಯಲ್ಲಿ ಸಂಖ್ಯೆ ಶೇ. 30 ಕುಸಿದರೆ ‘ವಲ್ನರೇಬಲ್’, ಶೇ. 50 ಆದರೆ ‘ಎಂಡೇಂಜರ್ಡ್’, ಶೇ. 80 ಆದರೆ ‘ಕ್ರಿಟಿಕಲಿ ಎಂಡೇಂಜರ್ಡ್’. ಇದಲ್ಲದೆ ವ್ಯಾಪ್ತಿ, ಒಟ್ಟು ಸಂಖ್ಯೆಗಳ ಗಡಿಗಳೂ ಇವೆ. ಯಾವ ಗಡಿಯನ್ನೂ ಮುಟ್ಟದ, ಹತ್ತಿರಕ್ಕೂ ಬಾರದ ಪ್ರಭೇದ ‘ಲೀಸ್ಟ್ ಕನ್ಸರ್ನ್’. ಅದನ್ನು ‘ಕಾಳಜಿ ಬೇಡ’ ಎಂದು ಅನುವಾದಿಸುವುದು ತಪ್ಪು. ‘ಸದ್ಯಕ್ಕೆ ಅಳಿವಿನ ಅಪಾಯ ಕಡಿಮೆ’ ಎಂದು ಬರೆಯಲಿ. ಕೃಷ್ಣಮೃಗ 2003ರಲ್ಲಿ ‘ನಿಯರ್ ಥ್ರೆಟೆನ್ಡ್’ (ಅಪಾಯದ ಗಡಿಗೆ ಹತ್ತಿರ) ಇತ್ತು, ಆಮೇಲೆ ಸುಧಾರಿಸಿ ಈ ದರ್ಜೆಗೆ ಬಂತು. ಆದರೂ ಪಾಕಿಸ್ತಾನ, ಬಾಂಗ್ಲಾದೇಶಗಳ ಕಾಡಿನಿಂದ ಅದು ಅಳಿದುಹೋದದ್ದು ಹೌದು. ಹೆಬ್ಬಾತಿನದು ಬೇರೆ ಲೆಕ್ಕ: ದರ್ಜೆ ಅದೇ ಇದ್ದರೂ ಅದರ ಒಟ್ಟು ಸಂಖ್ಯೆ ಇಳಿಮುಖ ಎಂದೇ ಪಟ್ಟಿ ಹೇಳುತ್ತದೆ. ದರ್ಜೆಯ ಕೆಳಗೆ ಈ ‘ಏರಿಕೆ, ಇಳಿಕೆ, ಸ್ಥಿರ’ ಎಂಬ ಸಾಲು ಇರುತ್ತದೆ, ಮಕ್ಕಳು ಅದನ್ನು ನೋಡುವುದೇ ಇಲ್ಲ.

ಎರಡನೆಯದು ಭಾರತದ ಕಾನೂನು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಕೃಷ್ಣಮೃಗ ಅದರ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ. ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು; ದಂಡ ರೂ. 25,000ಕ್ಕೆ ಕಡಿಮೆ ಇಲ್ಲ. ಬಾತುಗಳ ಕುಟುಂಬ ಹಳೆಯ ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿ, ಹೆಸರುಗಳನ್ನು ಹೊಸದಾಗಿ ಜೋಡಿಸಿತು. ಹಳೆಯ ಗೈಡುಗಳಲ್ಲಿ ಇನ್ನೂ ‘ಶೆಡ್ಯೂಲ್ 4’ ಎಂದೇ ಇರುತ್ತದೆ, ಅದನ್ನು ನಕಲು ಮಾಡಬಾರದು. ಹೊಸ ಪಟ್ಟಿಯಲ್ಲಿ ವೈಜ್ಞಾನಿಕ ಹೆಸರು ಹಿಡಿದು ಹುಡುಕಬೇಕು. ಕಾನೂನು ಯಾಕೆ ಅಷ್ಟು ಬಿಗಿ ಎಂದು ಕೇಳಿದ್ದೀರಿ. ಈಗ ಸಂಖ್ಯೆ ಸುಧಾರಿಸಿರುವುದಕ್ಕೆ ಆ ಬಿಗಿಯೂ ಒಂದು ಕಾರಣ. ಕೋವಿ, ಬಲೆಗಳಿಂದ ಒಮ್ಮೆ ನೆಲಕಚ್ಚಿದ ಪ್ರಾಣಿ ಅದು. ಔಷಧದಿಂದ ಜ್ವರ ಇಳಿಯಿತು ಎಂದು ಔಷಧವನ್ನೇ ನಿಲ್ಲಿಸುವುದಿಲ್ಲವಲ್ಲ.

ಮೂರನೆಯದು ನಮ್ಮ ನೆಲದ ಸ್ಥಿತಿ. ಯಾವ ಪಟ್ಟಿಯಲ್ಲೂ ಸಿಗದು, ಮಗಳೇ ಬರೆಯಬೇಕು. ಚಿಗರಿಗೆ ಬೀದಿನಾಯಿ, ತಡೆಗೋಡೆಯಿಲ್ಲದ ಬಾವಿ, ಹೆದ್ದಾರಿ, ಬಯಲಿಗೆ ಬಿದ್ದ ನೆಡುತೋಪು. ಹೆಬ್ಬಾತಿಗೆ ಮಳೆಯಿಲ್ಲದೆ ಒಣಗಿದ ಕೆರೆ, ವಿಷ ಬೆರೆಸಿದ ಕಾಳು, ಮೀನಿನ ಬಲೆ, ಫೋಟೊದ ಆಸೆಗೆ ಹಾರಿಸುವ ಡ್ರೋನ್. ಚಿಗರಿ ವರ್ಷವಿಡೀ ಇಲ್ಲೇ ಇರುವುದರಿಂದ ಅದರ ಕಷ್ಟ ಇಲ್ಲೇ ಪರಿಹಾರ ಆಗಬೇಕು. ಹೆಬ್ಬಾತನ್ನು ನಾವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಟಿಬೆಟ್ಟಿನ ಒಂದು ಸರೋವರ ಕೆಟ್ಟರೆ ಮಾಗಡಿಗೆ ಬರುವ ಸಾಲು ತೆಳುವಾಗುತ್ತದೆ. 2005ರಲ್ಲಿ ಚೀನಾದ ಚಿಂಗ್ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ 6,000ಕ್ಕೂ ಹೆಚ್ಚು ಹಕ್ಕಿಗಳು ಸತ್ತವು, ಅವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆತಲೆಯವು. 2021ರ ಆರಂಭದಲ್ಲಿ ಹಿಮಾಚಲದ ಪೊಂಗ್ ಜಲಾಶಯದಲ್ಲೂ ಸಾವಿರಾರು ಸತ್ತವು. ಹಿಕ್ಕೆಯನ್ನು ಕೈಯಿಂದ ಮುಟ್ಟಬೇಡಿ ಎಂದದ್ದು ಇದಕ್ಕೇ.

‘ಲೀಸ್ಟ್ ಕನ್ಸರ್ನ್’ ಎಂಬ ಮಾತಿಗೆ ಎಷ್ಟು ತೂಕ ಕೊಡಬೇಕು ಎಂದು ತಿಳಿಯಲು ಮೂರನೇ ಜೀವಿಯೊಂದನ್ನು ಒಂದು ಸಾಲಿನಲ್ಲಿ ಸೇರಿಸಲಿ: ಎರೆಭೂತ (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್), ಕೆಲವರು ಎರೆಲಡ್ಡು ಅನ್ನುತ್ತಾರೆ. ರಾಣೆಬೆನ್ನೂರಿನ ಇದೇ ಬಯಲಿನಲ್ಲಿ ಒಂದು ಕಾಲಕ್ಕೆ ಚಿಗರಿಯ ಜೊತೆ ಆ ದೊಡ್ಡ ಹಕ್ಕಿಯೂ ಇತ್ತು. ಅದು 2011ರಿಂದ ‘ಕ್ರಿಟಿಕಲಿ ಎಂಡೇಂಜರ್ಡ್’. ನೆಲ ಒಂದೇ, ಹುಲ್ಲು ಒಂದೇ. ಒಂದು ಉಳಿಯಿತು, ಇನ್ನೊಂದು ಹೋಯಿತು. ಚಿಗರಿ ಬೆಳೆಯನ್ನೂ ತಿಂದು ಬದುಕಬಲ್ಲದು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಟ್ಟು ಕಾವು ಕೂರುವ ಎರೆಭೂತಕ್ಕೆ ಹುಲ್ಲಿನ ಬಯಲೇ ಬೇಕು.

ನೋಡಲು ಹೋಗುವುದಾದರೆ ಹೆಬ್ಬಾತಿಗೆ ಡಿಸೆಂಬರ್, ಜನವರಿ ಒಳ್ಳೆಯದು. ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತವೆ. ಬೆಳಕು ಹರಿಯುವ ಮೊದಲೇ ಏರಿಯ ಮೇಲೆ ಕೂತಿರಬೇಕು, ಹೊಲದಿಂದ ಮರಳುವ ಸಾಲು ಆಗ ಕಾಣುತ್ತದೆ. ಎಣಿಸುವುದು ಹೀಗೆ: ಮೊದಲು 10 ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ನೋಡಿ, ಅದರಿಂದ 50ರ ಅಂದಾಜು ಕಟ್ಟಿ, ಆ ಅಳತೆಯನ್ನು ಗುಂಪಿನ ಮೇಲೆ ಸರಿಸುತ್ತ ಹೋಗಿ, ಮೂರು ಸಲ ಎಣಿಸಿ ಸರಾಸರಿ ಬರೆಯಿರಿ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಕಂಡರೆ ಅದೇ. ಮರಿಯಾಗಿ ಮೊದಲ ಸಲ ಬಂದವುಗಳಿಗೆ ಪಟ್ಟೆ ಇರುವುದಿಲ್ಲ, ಕತ್ತಿನ ಹಿಂಬದಿ ಬೂದು ಇರುತ್ತದೆ. ಅವನ್ನು ಬೇರೆ ಜಾತಿ ಎಂದು ಬಿಡಬೇಡಿ, ಬೇರೆ ಸಾಲಿನಲ್ಲಿ ಎಣಿಸಿ. ಆ ವರ್ಷ ಮರಿಗಳು ಎಷ್ಟು ಉಳಿದವು ಎಂಬುದು ಅದರಿಂದಲೇ ತಿಳಿಯುತ್ತದೆ. ಚಿಗರಿ ಹಿಂಡಿನಲ್ಲೂ ಕಪ್ಪಾದವು ಮಾತ್ರ ಗಂಡು ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಎಳೆಯ ಗಂಡುಗಳು ಹೆಣ್ಣಿನ ಹಾಗೇ ಕಂದು. ಬಲಿತವುಗಳ ಕಪ್ಪು ಕೂಡ ಮಳೆಗಾಲ ಕಳೆದಾಗ ಗಾಢ, ಬೇಸಿಗೆಗೆ ಮಾಸುತ್ತದೆ. ಕೊಂಬು ನೋಡಿ ಎಣಿಸಬೇಕು.

ಯಾವುದಾದರೂ ಹೆಬ್ಬಾತಿನ ಕತ್ತಿನಲ್ಲಿ ಬಣ್ಣದ ಪಟ್ಟಿ ಕಂಡರೆ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ ಮತ್ತು ಅಂಕಿ, ದಿನಾಂಕ, ಹೊತ್ತು, ಕೆರೆಯ ಹೆಸರು ಬರೆದುಕೊಂಡು ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಿ. ಮಂಗೋಲಿಯಾದಲ್ಲಿ ಸಂಶೋಧಕರು ಅಂಥ ಪಟ್ಟಿ ಹಾಕಿ ಬಿಡುತ್ತಾರೆ. ಅಕ್ಷರ ಒಂದು ತಪ್ಪಿದರೂ ಹಕ್ಕಿಯೇ ಬೇರೆಯಾಗುತ್ತದೆ, ಆದ್ದರಿಂದ ಫೋಟೊ ಇದ್ದರೆ ಅದನ್ನೂ ಜೊತೆಗಿಡಿ.